ಪ್ರಾಪ್ತಿಯ ಮಾಮಿ

ಹರ್ಷಿತಾಳ ಕೆಲಸವೇ ಮಕ್ಕಳಿಗೆ ಮಾತು ಕಲಿಸುವುದು. ಕೊಡಿಯಾಲ್‌ಬೈಲ್‌ನ ಒಂದು ಕ್ಲಿನಿಕ್ಕಿನಲ್ಲಿ ಅವಳು ಸ್ಪೀಚ್ ಥೆರಪಿಸ್ಟ್. ಮೂರು ವರ್ಷ ದಾಟಿದರೂ ಬಾಯಿ ಬಿಡದ ಮಕ್ಕಳು, ಕಿವಿಗೆ ಯಂತ್ರ ಕೂರಿಸಿಕೊಂಡು ಮೊದಲ ಸಲ ಸದ್ದು ಕೇಳಿ ಬೆಚ್ಚಿಬಿದ್ದ ಮಕ್ಕಳು ಅವಳೆದುರು ಕೂತು ಕಡೆಗೊಂದು ದಿನ 'ಅಮ್ಮ' ಎಂದುಬಿಟ್ಟರೆ, ಹೊರಗೆ ಕಾದಿದ್ದ ತಾಯಂದಿರು ಒಳಗೆ ಬಂದು ಅವಳ ಕೈ ಹಿಡಿದು ಅಳುತ್ತಿದ್ದರು. ಅವಳ ಸ್ವಂತ ಮಗಳು ಪ್ರಾಪ್ತಿ ಮೊದಲು ಆಡಿದ ಮಾತು ಮಾತ್ರ 'ಅಮ್ಮ' ಅಲ್ಲ. 'ಮಾಮಿ.'

ಮಾಮಿ ಎಂದರೆ ತುಳುವಿನಲ್ಲಿ ಸೋದರತ್ತೆ. ಇಲ್ಲಿ ಅದು ಕುಶಲಾ, ಹರ್ಷಿತಾಳ ಗಂಡ ಕಮಲೇಶನ ಅಕ್ಕ. ಮದುವೆಯಾಗಿ ಮುಂಬೈಗೆ ಹೋಗಿ ಎರಡೇ ವರ್ಷಕ್ಕೆ ಹೊಸಬೆಟ್ಟಿನ ತಾಯಿಮನೆಗೆ ವಾಪಸು ಬಂದವಳು. ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆಳಕು ಹರಿಯುವ ಮೊದಲು ಬಂದರಿನ ಧಕ್ಕೆಗೆ ಹೋಗಿ ಏಲಂನಲ್ಲಿ ಮೀನು ಕೊಂಡು, ಸುರತ್ಕಲ್ ಮಾರ್ಕೆಟ್ಟಿನಲ್ಲಿ ಕೂತು ಮಾರಿ, ಮಧ್ಯಾಹ್ನದೊಳಗೆ ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ನರ್ಸರಿಯಿಂದ ಪ್ರಾಪ್ತಿಯನ್ನು ಕರೆತರುವುದು ಅವಳ ದಿನಚರಿ. ಅಲ್ಲಿಂದ ಸಂಜೆಯ ತನಕ ಅವರಿಬ್ಬರದೇ ರಾಜ್ಯ.

ಹರ್ಷಿತಾ ಇದನ್ನು ಮೊದಮೊದಲು ಪುಣ್ಯವೆಂದೇ ತಿಳಿದಿದ್ದಳು. ಕ್ಲಿನಿಕ್ಕಿನ ಸಹೋದ್ಯೋಗಿ ಬರ್ನಡೆಟ್ ತನ್ನ ಮಗನನ್ನು ನೋಡಿಕೊಳ್ಳುವವರಿಲ್ಲದೆ ಒದ್ದಾಡುವುದನ್ನು ಕಂಡಾಗಲೆಲ್ಲ, "ನಮ್ಮಲ್ಲಿ ಕುಶಲಕ್ಕ ಇದ್ದಾರೆ, ನನಗೆ ಒಂದು ಚೂರೂ ಟೆನ್ಶನ್ ಇಲ್ಲ" ಎಂದು ಹೇಳಿಕೊಳ್ಳುತ್ತಿದ್ದಳು. ಆದರೆ ಮಗುವಿಗೆ ನಾಲ್ಕು ತುಂಬುವ ಹೊತ್ತಿಗೆ ಆ ಮಾತು ಹೇಳುವುದು ಕಡಿಮೆಯಾಗುತ್ತ ಬಂತು. ಪ್ರಾಪ್ತಿಗೆ ಬಂಗುಡೆಯ ಮುಳ್ಳು ಮಾಮಿಯೇ ಬಿಡಿಸಿ ಕೊಡಬೇಕು. ಹರ್ಷಿತಾ ಬಿಡಿಸಿದರೆ "ಅಮ್ಮನದ್ದರಲ್ಲಿ ಮುಳ್ಳು ಉಂಟು" ಎಂದು ತಟ್ಟೆ ದೂಡುತ್ತಿದ್ದಳು. ನಿದ್ದೆ ಬರಬೇಕಾದರೆ ಮಾಮಿಯ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿರಬೇಕು. ಒಂದು ದಿನ ಹರ್ಷಿತಾ ತನ್ನ ಓಲೆ ಬಿಚ್ಚಿಟ್ಟು ಮಗಳ ಪಕ್ಕದಲ್ಲಿ ಮಲಗಿ ಕಿವಿ ಒಡ್ಡಿದಳು. ಪ್ರಾಪ್ತಿ ಮುಟ್ಟಿ ನೋಡಿ, "ಇದು ತಣ್ಣಗೆ ಉಂಟು" ಎಂದು ಎದ್ದು ಮಾಮಿ ಮಲಗುವ ಆಚೆ ಕೋಣೆಗೆ ಹೋಗಿಬಿಟ್ಟಳು.

ಅವತ್ತು ಹರ್ಷಿತಾಳಿಗೆ ಆದದ್ದು ದುಃಖ ಅಲ್ಲ. ದುಃಖವಾದರೆ ಯಾರಲ್ಲಾದರೂ ಹೇಳಿಕೊಳ್ಳಬಹುದು. ಇದು ಹೊಟ್ಟೆಕಿಚ್ಚು. ಅದೂ ತನ್ನ ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿರುವ ಹೆಂಗಸಿನ ಮೇಲೆ. ಯಾರಲ್ಲಿ ಹೇಳುವುದು?

ನ್ಯೂಜಿಲೆಂಡಿನ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದು ಆ ವಾರವೇ. ಹ್ಯಾಮಿಲ್ಟನ್ ಎಂಬ ಊರಲ್ಲಿ ಕಿವಿ ಕೇಳಿಸದ ಮಕ್ಕಳ ಒಂದು ಕೇಂದ್ರ. ವಿಡಿಯೋದಲ್ಲಿ ಎರಡು ಸಲ ಸಂದರ್ಶನ ಮಾಡಿ, "ಬನ್ನಿ" ಎಂದರು. ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಅವಳು ಸುದ್ದಿ ಹೇಳಿದಳು. ಹೇಳುವಾಗ ಅವಳು ನೋಡಿದ್ದು ಗಂಡನ ಮುಖವನ್ನಲ್ಲ, ಅತ್ತಿಗೆಯ ಮುಖವನ್ನು.

ಕುಶಲಾ ಪ್ರಾಪ್ತಿಯ ತಟ್ಟೆಯಲ್ಲಿ ಮೀನಿನ ಮುಳ್ಳು ಹುಡುಕುತ್ತಿದ್ದಳು. ಬೆರಳು ನಿಲ್ಲಲಿಲ್ಲ. "ಅಲ್ಲಿ ಬೂತಾಯಿ ಸಿಗ್ತದಾ?" ಎಂದು ಮಾತ್ರ ಕೇಳಿದಳು.

"ಮೀನು ಸಿಗದ ಊರು ಎಲ್ಲಿ ಉಂಟು ಅಕ್ಕ?"

"ಮೀನು ಬೇರೆ, ಬೂತಾಯಿ ಬೇರೆ" ಎಂದಳು ಕುಶಲಾ.

ಬೈಕಂಪಾಡಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕಮಲೇಶ ಅನ್ನಕ್ಕೆ ಸಾರು ಕಲಸುತ್ತ ಯೋಚಿಸಿದ. "ಅಲ್ಲಿ ನನಗೆ ಎಂತ ಕೆಲಸ ಮಾರಾಯ್ತಿ?"

"ಅಷ್ಟು ಹಾಲು, ಅಷ್ಟು ಮಾಂಸ ಅಲ್ಲಿಂದ ಇಡೀ ಲೋಕಕ್ಕೆ ಹೋಗ್ತದೆ. ಅದನ್ನು ಅವರು ಎಂತ ಬಿಸಿಲಲ್ಲಿ ಇಡ್ತಾರಾ?"

ಕಮಲೇಶ ನಕ್ಕ. ಅಲ್ಲಿಗೆ ಅರ್ಧ ಗೆದ್ದ ಹಾಗಾಯಿತು. ಮುಂದಿನ ದಿನಗಳಲ್ಲಿ ಹರ್ಷಿತಾ ಕಾರಣಗಳನ್ನು ಒಂದೊಂದಾಗಿ ಹೇಳಿದಳು. ಅಲ್ಲಿ ಸಣ್ಣ ಮಕ್ಕಳಿಗೆ ಹೋಂವರ್ಕಿನ ಹೊರೆ ಇಲ್ಲ. ಮಗು ಸೈಕಲ್ ಕಲಿಯಬೇಕಾದರೆ ಇಲ್ಲಿ ಹೈವೇ, ಅಲ್ಲಿ ಮೈದಾನ. ತನ್ನ ವಿದ್ಯೆಗೆ ಅಲ್ಲಿ ಬೆಲೆ. ಎಲ್ಲವೂ ನಿಜವೇ. ಎಲ್ಲದರ ಅಡಿಯಲ್ಲಿದ್ದ ಇನ್ನೊಂದು ಕಾರಣವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ. ಆದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಹ್ಯಾಮಿಲ್ಟನ್ನಿನ ಮನೆಯನ್ನು ಕಲ್ಪಿಸಿಕೊಂಡಾಗಲೆಲ್ಲ ಅಲ್ಲಿ ಅಡುಗೆಮನೆ ಇರುತ್ತಿತ್ತು, ಕಿಟಕಿ ಇರುತ್ತಿತ್ತು, ಅವಳ ಮಡಿಲಲ್ಲಿ ಪ್ರಾಪ್ತಿ ಇರುತ್ತಿದ್ದಳು. ಆಚೆ ಕೋಣೆ ಇರುತ್ತಿರಲಿಲ್ಲ.

ಒಂದು ಭಾನುವಾರ ಕಮಲೇಶ ತನ್ನ ಲೆಕ್ಕಾಚಾರ ಮುಂದಿಟ್ಟ.

"ನಮ್ಮ ಪ್ಲಾಂಟಿಗೆ ಹೊಸ ಮಷೀನು ಬರ್ತಾ ಉಂಟು. ಅದು ಕೂತು ಸರಿಯಾಗುವ ತನಕ ನಾನು ಬಿಟ್ಟು ಬರುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ನೀನು ಮೊದಲು ಹೋಗು. ಮನೆ, ಶಾಲೆ ಎಲ್ಲ ನೋಡಿ ಇಡು. ಆರು ತಿಂಗಳಲ್ಲಿ ನಾನು ಮಗುವನ್ನು ಕರ್ಕೊಂಡು ಬರ್ತೇನೆ."

"ಆರು ತಿಂಗಳು ಮಗು?"

"ಅಕ್ಕ ಇದ್ದಾಳಲ್ಲ. ಮಗುವಿಗೆ ನೀನು ಇಲ್ಲದ್ದು ಗೊತ್ತೇ ಆಗ್ಲಿಕ್ಕಿಲ್ಲ."

ಅವನು ಸಮಾಧಾನಕ್ಕೆಂದು ಹೇಳಿದ ಮಾತು ಅದು. ಹರ್ಷಿತಾ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಗೊತ್ತೇ ಆಗ್ಲಿಕ್ಕಿಲ್ಲವಾ? ನಾನು ಎಂತ, ಈ ಮನೆಗೆ ಬಾಡಿಗೆಗೆ ಬಂದವಳಾ? ಮಗು ನನ್ನೊಟ್ಟಿಗೇ ಬರ್ತದೆ. ನೀವು ಬೇಕಾದರೆ ಆರು ತಿಂಗಳಲ್ಲಿ ಬನ್ನಿ, ಆರು ವರ್ಷಕ್ಕೆ ಬನ್ನಿ!"

"ಅಲ್ಲಿ ನೀನು ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರು ಯಾರು?"

"ಯಾರಾದರೂ ನೋಡ್ತಾರೆ. ಸಂಬಳಕ್ಕೆ ನೋಡುವವರು ನೋಡ್ತಾರೆ. ಅವರು ಮಗುವನ್ನು ತಮ್ಮದು ಮಾಡಿಕೊಳ್ಳುವುದಿಲ್ಲ."

ಮಾತು ಬಾಯಿಂದ ಜಾರಿದ ಮೇಲೆ ಅವಳು ತಿರುಗಿದಳು. ಬಾಗಿಲ ಬಳಿ ಕುಶಲಾ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದಳು. ಅಂಗಳಕ್ಕಿಳಿದು ಬಟ್ಟೆ ಹರವಿದಳು. ಪ್ರಾಪ್ತಿಯ ಅಂಗಿಗಳನ್ನು ಕೊಡವುವಾಗ ಎಂದಿಗಿಂತ ಸ್ವಲ್ಪ ಜೋರಾಗಿ ಕೊಡವಿದಳು, ಅಷ್ಟೆ.

ಮರುದಿನ ಕುಶಲಾ ಒಂದು ಬ್ಯಾಗು ತುಂಬಿಸಿಕೊಂಡು ಹೊರಟು ನಿಂತಳು. "ಮಲ್ಪೆಯಲ್ಲಿ ಚಿಕ್ಕಮ್ಮನಿಗೆ ಹುಷಾರಿಲ್ಲ. ಎರಡು ವಾರ ಇದ್ದು ಬರ್ತೇನೆ."

"ಚಿಕ್ಕಮ್ಮ ಮೊನ್ನೆ ಮದುವೆಯಲ್ಲಿ ಗಟ್ಟಿಮುಟ್ಟಾಗಿ ಇದ್ದರಲ್ಲ?" ಎಂದ ಕಮಲೇಶ.

"ಮೊನ್ನೆ ಇದ್ದರು" ಎಂದು ಕುಶಲಾ ಚಪ್ಪಲಿ ಮೆಟ್ಟಿಕೊಂಡಳು. ಗೇಟಿನ ತನಕ ಬಂದ ಹರ್ಷಿತಾಳಿಗೆ ಮುಖ ಕೊಡದೆ ಹೇಳಿದಳು: "ಮಗುವಿಗೂ ಅಭ್ಯಾಸ ಆಗಲಿ. ನಿನಗೂ ಆಗಲಿ."

ಹರ್ಷಿತಾ ರಜೆ ಹಾಕಿದಳು. ಮೊದಲ ಮೂರು ದಿನ ಮನೆಯಲ್ಲಿ ಅಳು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪ್ರಾಪ್ತಿ ಮೀನು ಮುಟ್ಟಲಿಲ್ಲ. ಗಂಜಿ, ಉಪ್ಪಿನಕಾಯಿ, ಮತ್ತೆ ಗಂಜಿ. ಮಧ್ಯಾಹ್ನ ಮಾಮಿಯ ಹಳೇ ಸೀರೆಯೊಂದನ್ನು ಎಳೆದುಕೊಂಡು ಅದರ ಮೇಲೆ ಮಲಗಿದಳು. ಹರ್ಷಿತಾ ಆ ಸೀರೆಯನ್ನು ಮೂಸಿ ನೋಡಿದಳು. ಸಾಬೂನು, ಅದರ ಹಿಂದೆ ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ಅದನ್ನು ಮಡಚಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟುಬಿಟ್ಟಳು. ಇಟ್ಟ ಮೇಲೆ ನಾಚಿಕೆಯಾಯಿತು. ಆದರೂ ತೆಗೆಯಲಿಲ್ಲ.

ನಾಲ್ಕನೆಯ ದಿನ ಪ್ರಾಪ್ತಿ ಅವಳೊಟ್ಟಿಗೆ ಕಡಲ ಬದಿಗೆ ಬಂದಳು. ಮರಳಲ್ಲಿ ಏಡಿ ಓಡಿದ ದಾರಿ ನೋಡಿದರು. ಆಮೇಲೆ ಒಂದು ಸಂಜೆ ಕಾಣೆ ಮೀನು ಹುರಿದಾಗ, ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಅನುಮಾನದಿಂದ ಜಗಿದು ನುಂಗಿದಳು. "ಮುಳ್ಳು ಇಲ್ಲ" ಎಂದಳು. ಹರ್ಷಿತಾ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು. ಎರಡನೆಯ ವಾರ ಮಾಮಿಯ ಹೆಸರು ದಿನಕ್ಕೊಮ್ಮೆ ಬಂತು, ಆಮೇಲೆ ಅದೂ ಬರಲಿಲ್ಲ. ಮಲ್ಪೆಯಿಂದ ಫೋನು ಬಂದಾಗ ಪ್ರಾಪ್ತಿ ಗೊಂಬೆಯ ತಲೆ ಬಾಚುತ್ತಿದ್ದಳು. "ಆಮೇಲೆ ಮಾತಾಡ್ತೇನೆ" ಎಂದಳು. ಅವತ್ತು ಮಧ್ಯಾಹ್ನ ಅವಳು ಹರ್ಷಿತಾಳ ಕಿವಿ ಹಿಡಿದುಕೊಂಡು ನಿದ್ದೆ ಹೋದಳು.

ತಾನು ಇಷ್ಟು ದಿನ ಬಯಸಿದ್ದು ಇದನ್ನೇ. ಆದರೂ ಆ ಪುಟ್ಟ ಬೆರಳುಗಳು ಕಿವಿಯ ಮೇಲಿರುವಾಗ ಹರ್ಷಿತಾ ದಿನಗಳ ಲೆಕ್ಕ ಹಾಕಿದಳು. ನಾಲ್ಕು ವರ್ಷ ಎತ್ತಿ ಆಡಿಸಿದವಳನ್ನು ಈ ಮಗು ಎರಡು ವಾರದಲ್ಲಿ ಬದಿಗೆ ಸರಿಸಿತು. ಹಾಗಾದರೆ ನನ್ನನ್ನು ಮರೆಯಲಿಕ್ಕೆ ಎಷ್ಟು ದಿನ ಬೇಕು?

ಕುಶಲಾ ಬಂದದ್ದು ಒಂದು ಶನಿವಾರ ಸಂಜೆ. ಒಂದು ಕೈಯಲ್ಲಿ ಮಲ್ಪೆಯ ಒಣಮೀನಿನ ಕಟ್ಟು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ದೋಣಿ. ಗೇಟು ತೆರೆಯುವ ಮೊದಲೇ, "ಪ್ರಾಪ್ತೀ!" ಎಂದು ಕರೆದಳು.

ಪ್ರಾಪ್ತಿ ಅಂಗಳದಲ್ಲಿದ್ದವಳು ತಲೆ ಎತ್ತಿದಳು. ಎದ್ದು ಓಡಿದಳು. ಓಡಿದ್ದು ಗೇಟಿಗಲ್ಲ, ಜಗಲಿಗೆ. ಹರ್ಷಿತಾಳ ಹಿಂದೆ ಸೇರಿಕೊಂಡು, ಅವಳ ಚೂಡಿದಾರದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಒಂದೇ ಕಣ್ಣಲ್ಲಿ ಇಣುಕಿದಳು.

ಕುಶಲಾಳ ಕೈ ದೋಣಿಯ ಸಮೇತ ಗಾಳಿಯಲ್ಲಿ ನಿಂತಿತು. ಮುಖದಲ್ಲಿದ್ದ ನಗು ಬಿದ್ದುಹೋಗಲಿಲ್ಲ, ಅಲ್ಲೇ ಗಟ್ಟಿಯಾಯಿತು. ಆಮೇಲೆ ಅವಳ ಕಣ್ಣು ಮಗುವಿನಿಂದ ಮೇಲೆದ್ದು ಹರ್ಷಿತಾಳಿಗೆ ತಾಗಿತು. ಆ ನೋಟವನ್ನು ಹರ್ಷಿತಾ ಬೇರೆ ಯಾರ ಮುಖದಲ್ಲೂ ನೋಡಿರಲಿಲ್ಲ. ಆದರೆ ತನ್ನೊಳಗಿನಿಂದಲೇ ಅವಳಿಗೆ ಅದರ ಗುರುತು ಚೆನ್ನಾಗಿತ್ತು.

"ಮಾಮಿ ಅಲ್ವಾ, ಹೋಗು" ಎಂದು ಮಗಳನ್ನು ಮುಂದೆ ದೂಡಿದಳು. ಪ್ರಾಪ್ತಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಳು.

"ಬಿಡು, ದೂಡಬೇಡ" ಎಂದು ಕುಶಲಾ ದೋಣಿಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು.

ಹರ್ಷಿತಾ ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆಗೆ ಹೋದಾಗ ಕುಶಲಾ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ಅಕ್ಕ, ಅವಳು ನಾಚಿಕೊಂಡದ್ದು. ನಾಳೆ ಸರಿಯಾಗ್ತಾಳೆ."

"ನನಗೆ ಸಮಾಧಾನ ಹೇಳಬೇಡ. ನೀನು ಖುಷಿಯಾಗಿದ್ದಿ. ಮುಖ ನೋಡಿದರೆ ಗೊತ್ತಾಗ್ತದೆ."

ಹರ್ಷಿತಾ ಅಲ್ಲವೆನ್ನಲಿಲ್ಲ. "ಹೌದು. ಒಂದು ಗಳಿಗೆ ಖುಷಿ ಆಯ್ತು. ಎಷ್ಟೋ ದಿನದಿಂದ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಅಕ್ಕ. ನನ್ನ ಮಗು ನಿಮ್ಮ ಕಿವಿ ಹಿಡ್ಕೊಂಡು ಮಲಗುವಾಗ ನನಗೆ ಗೋಡೆಗೆ ತಲೆ ಜಪ್ಪಬೇಕು ಅನ್ನಿಸ್ತದೆ."

ಕುಶಲಾ ನಲ್ಲಿ ನಿಲ್ಲಿಸಿದಳು. "ನಿನಗೆ ಮಾತ್ರವಾ? ಸಂಜೆ ಅವಳಿಗೆ ಎಂತ ಕತೆ ಹೇಳ್ತಾ ಇರಲಿ, ಎಂತ ತಿನಿಸ್ತಾ ಇರಲಿ, ನೀನು ಗೇಟು ತೆಗೆದ ಸದ್ದಾದರೆ ಮುಗಿಯಿತು. ಬಾಯಲ್ಲಿದ್ದ ತುತ್ತು ಉಗುಳಿ ಓಡ್ತಾಳೆ. ಎರಡು ನಿಮಿಷ ನಿನ್ನ ಬ್ಯಾಗು ತಡಕಾಡಿ ನನ್ನ ಹತ್ತಿರವೇ ವಾಪಸು ಬರ್ತಾಳೆ, ನಿಜ. ಆದರೆ ಆ ಎರಡು ನಿಮಿಷ ನಾನು ಈ ಮನೆಯ ಕೆಲಸದವಳು. ದಿನಾ ನಿನ್ನ ಬಸ್ಸು ಕೂಳೂರು ಹೊಳೆಯ ಸಂಕದಲ್ಲಿ ಕೆಟ್ಟು ನಿಲ್ಲಲಿ ಅಂತ ಹೇಳಿಕೊಳ್ತೇನೆ. ದೇವರಾಣೆ."

ಹರ್ಷಿತಾಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮಗಳು ಗೇಟಿಗೆ ಓಡಿ ಬರುವುದನ್ನು ಅವಳು ದಿನವೂ ನೋಡಿದ್ದಳು. ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಒಂದು ಮಾತು ಹೇಳ್ತೇನೆ" ಎಂದಳು ಕುಶಲಾ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ಕೆಲಸಕ್ಕೆ ಅಂತ ಹೋಗುವುದಾದರೆ ಹೋಗು. ನನ್ನಿಂದ ಬಿಡಿಸಲಿಕ್ಕೆ ಅಂತ ಹೋಗಬೇಡ. ಹಾಗೆ ಹೋದರೆ ಅಲ್ಲಿ ಇನ್ನೊಬ್ಬಳು ಸಿಗ್ತಾಳೆ. ಟೀಚರೋ, ಪಕ್ಕದ ಮನೆಯವಳೋ. ಆಗ ಯಾವ ದೇಶಕ್ಕೆ ಹೋಗ್ತಿ?"

ಆ ಮಾತು ಹರ್ಷಿತಾಳನ್ನು ವಾರವಿಡೀ ಬಿಡಲಿಲ್ಲ. ಕ್ಲಿನಿಕ್ಕಿನಲ್ಲಿ ಮಕ್ಕಳ ಎದುರು ಕೂತಾಗ ತನ್ನನ್ನೇ ಕೇಳಿಕೊಂಡಳು: ಕುಶಲಕ್ಕ ಎಂಬವರು ಇರದಿದ್ದರೂ ನನಗೆ ಈ ಕೆಲಸ ಬೇಕಿತ್ತಾ? ಉತ್ತರ ಒಮ್ಮೆಗೆ ಬರಲಿಲ್ಲ. ಬಂದಾಗ ಅವಳು ಅಂದುಕೊಂಡಷ್ಟು ದೊಡ್ಡದಾಗಿ ಬರಲಿಲ್ಲ, ಆದರೆ ಬೇಕು ಎಂದೇ ಬಂತು. ಒಂದೇ ಕೋಣೆಯಲ್ಲಿ ಹದಿನೈದು ನಿಮಿಷಕ್ಕೊಂದು ಮಗುವನ್ನು ಮುಗಿಸಿ ಕಳಿಸುವ ಬದಲು, ಒಂದು ಮಗುವಿನೊಡನೆ ಅದಕ್ಕೆ ಬೇಕಾದಷ್ಟು ಹೊತ್ತು ಕೂರುವ ಆಸೆ ಅವಳಿಗೆ ಕಾಲೇಜಿನ ದಿನಗಳಿಂದಲೂ ಇತ್ತು. ಹಾಗಾದರೆ ಅವಸರವೇನು?

ಅವಳು ಹ್ಯಾಮಿಲ್ಟನ್ನಿಗೆ ಬರೆದಳು: ನಾನು ಬರುವುದಾದರೆ ಗಂಡ, ಮಗುವಿನ ಜೊತೆಗೇ ಬರುತ್ತೇನೆ, ಫೆಬ್ರವರಿ ತನಕ ಕಾಯಬಹುದೇ? ಕಾಯಲಿಕ್ಕಿಲ್ಲ ಎಂದೇ ಅಂದುಕೊಂಡಿದ್ದಳು. ಅವರು ಒಪ್ಪಿದರು. ಹೊಸ ಮಷೀನು ಕೂರಿಸಿಕೊಟ್ಟು ಜನವರಿಯ ಕೊನೆಗೆ ಕೆಲಸ ಬಿಡುವುದಾಗಿ ಕಮಲೇಶ ಪ್ಲಾಂಟಿನವರಿಗೆ ಹೇಳಿಬಂದ. "ಎರಡು ವರ್ಷ ನೋಡುವ. ಆಗದಿದ್ದರೆ ವಾಪಸು. ಇದು ನಿಶ್ಚಯ ತಾನೆ?" ಎಂದು ಕೇಳಿದ. ಹರ್ಷಿತಾ ನಿಶ್ಚಯ ಎಂದಳು.

ಪ್ರಾಪ್ತಿ ಎರಡೇ ದಿನದಲ್ಲಿ ಮಾಮಿಯ ಕಿವಿಗೆ ಮರಳಿದ್ದಳು. ಹರ್ಷಿತಾಳ ಕಿಚ್ಚೂ ತನ್ನ ಜಾಗಕ್ಕೆ ಮರಳಿತು.

ವೀಸಾದ ಫೋಟೊ ತೆಗೆಸಲು ಅವರು ನಾಲ್ವರೂ ಸುರತ್ಕಲ್ಲಿನ ಸ್ಟುಡಿಯೋಕ್ಕೆ ಹೋದರು. ಬಿಳಿ ಪರದೆಯ ಮುಂದೆ ಪ್ರಾಪ್ತಿ ಒಂದು ಗಳಿಗೆ ನೆಟ್ಟಗೆ ಕೂರಲಿಲ್ಲ. ಛಾಯಾಗ್ರಾಹಕ ಲಯನೆಲ್ ಗಿಲಕಿ ಆಡಿಸಿದ. ಕಮಲೇಶ ಗದರಿಸಿದ. ಹರ್ಷಿತಾ ತನ್ನ ವಿದ್ಯೆಯ ಉಪಾಯಗಳನ್ನೆಲ್ಲ ಬಳಸಿದಳು. ಮಗು ಸ್ಟೂಲಿನ ಮೇಲೆ ಹಾವಿನಂತೆ ಹೊರಳಿತು.

ಆಗ ಕುಶಲಾ ಕ್ಯಾಮೆರಾದ ಹಿಂದೆ ಹೋಗಿ ನಿಂತು ಮಾರ್ಕೆಟ್ಟಿನ ಸ್ವರ ತೆಗೆದಳು: "ಬಂಗುಡೇ, ತಾಜಾ ಬಂಗುಡೇ! ಯಾರಿಗುಂಟು, ಯಾರಿಗಿಲ್ಲ!"

ಪ್ರಾಪ್ತಿಯ ಬೆನ್ನು ನೆಟ್ಟಗಾಯಿತು. ಕಣ್ಣು ಅರಳಿ ನೇರ ನಿಂತಿತು. ಲಯನೆಲ್ ಕ್ಲಿಕ್ ಮಾಡಿದ.

ಕಂಪ್ಯೂಟರಿನಲ್ಲಿ ಚಿತ್ರ ಬಂತು. ನಗಬಾರದೆಂಬ ವೀಸಾದ ನಿಯಮಕ್ಕೆ ಪ್ರಾಪ್ತಿ ತುಟಿ ಬಿಗಿದಿದ್ದಳು, ಆದರೆ ಕಣ್ಣಲ್ಲಿದ್ದ ಅಕ್ಕರೆಗೆ ಯಾವ ನಿಯಮವೂ ಇರಲಿಲ್ಲ. ಆ ನೋಟ ಯಾರನ್ನು ನೋಡಿ ಬಂದದ್ದೆಂದು ಅಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು. ಹರ್ಷಿತಾಳ ಹಳೆಯ ಕಿಚ್ಚು ಸಣ್ಣಗೆ ಎದ್ದಿತು.

"ಇನ್ನೊಂದು ತೆಗೆಯಬೇಕಾ ಮೇಡಂ?" ಎಂದ ಲಯನೆಲ್.

"ಬೇಡ" ಎಂದಳು ಹರ್ಷಿತಾ. "ಇದನ್ನೇ ಕೊಡಿ."