ಬೆನ್ನ ಮೇಲಿನ ಓರೆ ಹೊಲಿಗೆ

ಗಡಿಯಾರದಜ್ಜನ ಗಡ್ಡವನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಉಣ್ಣೆಯ ಗಡ್ಡ. ಹಿಂಡಿದರೆ ಸಿಕ್ಕಾಗುತ್ತದೆ, ತೊಳೆಯದೆ ಬಿಟ್ಟರೆ ಹುಳ ಹಿಡಿಯುತ್ತದೆ. ಅದಕ್ಕೇ ಬಿಸಿಲು ಚೆನ್ನಾಗಿರುವ ದಿನ ನೋಡಿ ಅವನನ್ನು ಕಪಾಟಿನಿಂದ ಇಳಿಸುತ್ತೇನೆ. ಮರದ ಮುಖಕ್ಕೆ ನೀರು ತಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿರುತ್ತೇನೆ. ಹೊರಗಿನವರು ಯಾರಾದರೂ ನೋಡಿದರೆ ಪಾಪದ ಮುದುಕನನ್ನು ಉಸಿರುಗಟ್ಟಿಸುತ್ತಿದ್ದೇನೆ ಅಂದುಕೊಳ್ಳಬೇಕು.

"ಸೋಪು ಜಾಸ್ತಿ ಹಾಕ್ಬೇಡ ಕಣೇ, ಅವನ ಕಣ್ಣು ಉರಿಯುತ್ತೆ," ಎಂದರು ನಮ್ಮ ಯಜಮಾನರು, ಕಿಟಕಿಯ ಪಕ್ಕದ ಕುರ್ಚಿಯಿಂದ.

"ನಿಮ್ಮ ತಲೆಗೆ ಸೋಪು ಹಾಕುವಾಗ ನಿಮಗೇ ಇಷ್ಟು ಕಾಳಜಿ ಇರಲ್ಲ."

"ನನ್ನ ತಲೇಲಿ ಕೂದಲೆಲ್ಲಿದೆ, ಸೋಪು ನಿಲ್ಲೋಕೆ?"

ಗಡಿಯಾರದಜ್ಜ ನಮ್ಮವರೇ ಕೆತ್ತಿ, ಕೈಯಾರೆ ಆಡಿಸುತ್ತಿದ್ದ ಬೊಂಬೆ. ಒಂದು ಕಾಲದಲ್ಲಿ ರಜೆಯ ದಿನ ಬೆಳಿಗ್ಗೆ ಟೀವಿಯಲ್ಲಿ ಅಜ್ಜ ಬಂದರೆ ಬೀದಿಯಲ್ಲಿ ಒಂದು ಮಗು ಕಾಣುತ್ತಿರಲಿಲ್ಲ. ನಿಂತುಹೋದ ಗಡಿಯಾರವಿರುವ ಗೋಪುರದಲ್ಲಿ ಒಬ್ಬನೇ ಇರುವ ಮುದುಕ. ದಿನಕ್ಕೊಂದು ಚಕ್ರ ಬಿಚ್ಚಿ, ಒರಸಿ, ಆ ಚಕ್ರದ ಕಥೆ ಹೇಳುತ್ತಾನೆ. ಹುಬ್ಬು ಏರುತ್ತಿತ್ತು, ಕೆನ್ನೆಯ ಸುಕ್ಕು ಬೆಳಕು ಬಿದ್ದಂತೆಲ್ಲ ಬೇರೆ ಬೇರೆ ಕಾಣುತ್ತಿತ್ತು. ಅಂಥ ಮುಖ ಮತ್ತೊಬ್ಬರು ಕೆತ್ತಿದ್ದನ್ನು ನಾನಂತೂ ನೋಡಿಲ್ಲ. ಗಂಡ ಅಂತ ಹೊಗಳುತ್ತಿಲ್ಲ.

ಅವರ ಜೊತೆಗೆ ಒಂದೇ ಮೇಜಿನಲ್ಲಿ ಕುಳ್ಳ ಕೆಲಸ ಮಾಡುತ್ತಿದ್ದ. ಬಾಗಿಲ ಮೇಲಿನ ಚಿಲಕ ಎಟುಕದವನು, ಅದಕ್ಕೆ ಆ ಹೆಸರು. ಅವನೂ ಕೂಗಿದರೆ ಓಗೊಡುತ್ತಿದ್ದ. ಇವರದು ಉಳಿ, ಅವನದು ಸೂಜಿ. ಇವರನ್ನು ಅಣ್ಣ ಅನ್ನುತ್ತಿದ್ದ, ನನ್ನನ್ನು ಅತ್ತಿಗೆ. ಒಮ್ಮೆ ಇವರು ಸ್ಟುಡಿಯೋದ ಏಣಿಯಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿದರೂ ಸೊಟ್ಟಗೆ ಕೂಡಿತು. ಆ ಕೈಯಲ್ಲಿ ಮರದ ಬೊಂಬೆ ಎತ್ತಲಾಗದು. ಅಂದಿನಿಂದ ಬಲಗೈಯಲ್ಲಿ ಅಜ್ಜ, ಎಡಗೈ ಖಾಲಿ.

ಅದಾದ ಸ್ವಲ್ಪ ದಿನಕ್ಕೇ ಗಂಟಣ್ಣ ಹುಟ್ಟಿದ್ದು. ಕಥೆ ಬರೆಯುವವರು, "ಅಜ್ಜ ಒಬ್ಬನೇ ಮಾತಾಡಿದ್ರೆ ಹುಚ್ಚು ಹಿಡಿದವನ ಥರ ಕಾಣ್ತಾನೆ, ಎದುರಿಗೆ ಏನಾದ್ರೂ ಇಡ್ರಪ್ಪ," ಅಂದರು. ಕುಳ್ಳ ಚಕ್ರ ಒರಸುವ ಬಟ್ಟೆಯನ್ನೇ ತೆಗೆದುಕೊಂಡು, ತಲೆಗಷ್ಟೇ ಹತ್ತಿ ತುಂಬಿ, ಅದರ ಮೇಲೊಂದು ಗಂಟು ಹಾಕಿದ. ಗಂಟಿನ ಎರಡು ಚುಂಗು ಕಿವಿಯಾದವು. ಹಳೆಯ ಕೋಟಿನ ಎರಡು ಗುಂಡಿ ಕಣ್ಣಾದವು. ಬಾಯಿ ಹೊಲಿಯುವಷ್ಟರಲ್ಲಿ ದೀಪ ಹತ್ತಿತು, ಕ್ಯಾಮೆರಾ ಓಡಿತು. ಬಾಯಿ ಇಲ್ಲದೆಯೇ ಉಳಿಯಿತು. ಬೆನ್ನಲ್ಲಿ ಕೈ ಹಾಕಲು ಒಂದು ಸೀಳು ಬಿಟ್ಟಿದ್ದ, ಓರೆಯಾಗಿ. ನಮ್ಮವರು ಎಡಗೈ ತೂರಿಸಿ ಆಡಿಸಿದರು. ಅಜ್ಜ ಹೇಳಿದ್ದಕ್ಕೆಲ್ಲ ಗಂಟಣ್ಣ ತಲೆ ವಾಲಿಸಬೇಕು, ಅಷ್ಟೇ ಅವನ ಕೆಲಸ.

"ಸೀಳು ನೋಡೋ, ಕುಡಿದವನು ಕತ್ತರಿಸಿದ ಹಾಗಿದೆ," ಎಂದು ಇವರು ರೇಗಿಸುತ್ತಿದ್ದರು.

"ಅವಸರ ಅಣ್ಣ," ಎಂದು ಕುಳ್ಳ ನಗುತ್ತಿದ್ದ.

ಆಟಿಕೆ ಕಂಪನಿಯವರು ಬಂದಾಗ ನಮಗೆಲ್ಲ ಹಬ್ಬ. ಅಜ್ಜನನ್ನು ಎಲ್ಲದರ ಮೇಲೂ ಅಚ್ಚು ಹಾಕಿದರು. ತಿಂಡಿಡಬ್ಬಿ, ದಿಂಬಿನ ಚೀಲ, ಮಕ್ಕಳ ಚಪ್ಪಲಿ. ಅಂಗಡಿಗಳಿಗೆ ಹೋದ ಸಾಮಾನು ಹೋದಂತೆಯೇ ವಾಪಸು ಬಂತು. ಡಬ್ಬಿಯ ಮೇಲಿನ ಅಜ್ಜ ಗೋಡೆಗೆ ತೂಗುಹಾಕಿದ ತೀರಿಹೋದವರ ಫೋಟೋದಂತಿದ್ದ. 'ಊಟ ಮಾಡುವಾಗ ನನ್ನನ್ನೇ ನೋಡ್ತಾನೆ' ಎಂದು ಒಂದು ಮಗು ಅತ್ತಿತಂತೆ. ಚಪ್ಪಲಿಯದಂತೂ ಕೇಳಲೇಬೇಡಿ. ಯಾವ ತಾಯಿ ಮಗುವಿಗೆ, ಬಾ ಕಂದ, ಅಜ್ಜನ ಮುಖ ತುಳಿ ಅಂತ ಹೇಳುತ್ತಾಳೆ?

ಕಂಪನಿಯಿಂದ ಬಂದ ಕನ್ನಡಕದ ಹೆಂಗಸು ಒಳ್ಳೆಯವಳು. ಮೇಜಿನ ಮುಂದೆ ಕೂತು, ನೋಯಿಸಬಾರದು ಅಂತ ನಿಧಾನಕ್ಕೆ ಮಾತಾಡಿದಳು.

"ಸಾರ್, ಅಜ್ಜನನ್ನ ಮಕ್ಕಳು ಕೂತು ನೋಡ್ತಾರೆ. ಗೌರವ ಕೊಡ್ತಾರೆ. ಆದ್ರೆ ಕಾಲು ಹಿಡ್ಕೊಂಡು ದರದರ ಎಳ್ಕೊಂಡು ಹೋಗೋಕೆ ಆಗಲ್ಲ. ಮಗು ಕೊಳ್ಳೋದು ಎಳೆದಾಡೋಕೆ, ಕಚ್ಚೋಕೆ, ತಬ್ಕೊಂಡು ಮಲಗೋಕೆ. ಆಮೇಲೆ ಅಮ್ಮ ಅದನ್ನ ಒಗೀಬೇಕು."

"ಹಾಗಾದ್ರೆ?"

"ಗಂಟಣ್ಣನನ್ನ ಕೊಡಿ. ಅವನಿಗೆ ಬಾಯಿಲ್ಲ, ಹಾಗಾಗಿ ಮಗುವೇ ಅವನ ಪರವಾಗಿ ಮಾತಾಡುತ್ತೆ. ಮಗುಗೆ ಸಿಟ್ಟು ಬಂದ್ರೆ ಅವನಿಗೂ ಸಿಟ್ಟು, ನಿದ್ದೆ ಬಂದ್ರೆ ನಿದ್ದೆ. ಎರಡು ಚುಕ್ಕಿ, ಎರಡು ಕಿವಿ ಬರೆದ್ರೆ ಬಟ್ಟಲಾಗಲಿ ಬ್ರಷ್ಷಾಗಲಿ, ಅದೇ ಗಂಟಣ್ಣ ಆಗ್ಬಿಡುತ್ತೆ. ನಿಮ್ಮ ಅಜ್ಜನ ಕಥೆ ಒಂದಿನ ಮುಗಿಯುತ್ತೆ. ಇವನಿಗೆ ಕಥೇನೇ ಇಲ್ಲ, ಮುಗಿಯೋದೆಲ್ಲಿ?"

ನಮ್ಮವರ ಮುಖ ಕಪ್ಪಿಟ್ಟಿತು. ಉಳಿ ಕೆಳಗಿಟ್ಟು ಕುಳ್ಳನ ಕಡೆ ತಿರುಗಿದರು.

"ಏನೋ, ನನ್ನ ಅಜ್ಜನಿಗಿಂತ ನಿನ್ನ ಒರಸೋ ಬಟ್ಟೆ ದೊಡ್ಡದಾಯ್ತಾ?"

"ನಾನೇನಂದೆ ಅಣ್ಣ? ಬಾಯೇ ಬಿಟ್ಟಿಲ್ಲ."

"ನೀನೂ ಅದೂ ಒಂದೇ ಬಿಡು, ಇಬ್ಬರಿಗೂ ಬಾಯಿಲ್ಲ. ತಗೊಂಡು ಹೋಗು. ಅದರ ಮೇಲೆ ನನ್ನ ಹಕ್ಕಿಲ್ಲ. ನನ್ನ ಮೇಜಿನ ಮೇಲೆ ಕಾಲೊರಸೋ ಬಟ್ಟೆಗೆ ಜಾಗ ಇಲ್ಲ."

ಕಾಗದದ ಮೇಲೂ ಹಾಗೇ ಬರೆದು ಸಹಿ ಹಾಕಿಕೊಟ್ಟರು. ಕುಳ್ಳ ಬೇಡ ಬೇಡವೆಂದು ಇವರ ಕೈ ಹಿಡಿದುಕೊಂಡ. ಇವರು ಕೊಡವಿಕೊಂಡರು. ನಾನು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವನು ನನ್ನ ಮುಖ ನೋಡಿದ. ಗಂಟಣ್ಣನನ್ನು ಕಂಕುಳಲ್ಲಿಟ್ಟುಕೊಂಡು, ಟೀ ಕುಡಿಯದೆ ಮೆಟ್ಟಿಲಿಳಿದ.

ಮುಂದಿನದು ಎಲ್ಲರಿಗೂ ಗೊತ್ತು. ಅಜ್ಜನ ಗಡಿಯಾರ ಕಡೆಗೂ ಓಡಿತು, ಅವನು ಗೋಪುರ ಇಳಿದು ಹೋದ, ಜನ ಕಣ್ಣೊರೆಸಿಕೊಂಡರು, ಮರೆತರು. ಗಂಟಣ್ಣ ಮಾತ್ರ ಸೋಪಿನ ಪೆಟ್ಟಿಗೆಯಿಂದ ಮಳೆಕೋಟಿನವರೆಗೆ ಎಲ್ಲೆಂದರಲ್ಲಿ ಕೂತ. ಮನೆಯ ಕರವಸ್ತ್ರಕ್ಕೊಂದು ಗಂಟು ಹಾಕಿದರೆ ಆಗುವುದನ್ನು ಜನ ಸಾಲುಗಟ್ಟಿ ನಿಂತು ಕೊಂಡರು. ನಮ್ಮವರು ಅಂಥ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಕುಳ್ಳ ಮಾತ್ರ ಪ್ರತಿ ವರ್ಷ ಅಜ್ಜನ ಮೊದಲ ಆಟ ಟೀವಿಯಲ್ಲಿ ಬಂದ ದಿನಕ್ಕೆ ತಲುಪುವಂತೆ ಪತ್ರ ಹಾಕುತ್ತಿದ್ದ. ಅವರು ಮುಟ್ಟುತ್ತಿರಲಿಲ್ಲ. ನಾನು ರಾತ್ರಿ ಶಾಲೆಗೆ ಸೇರಿ ನಾಲ್ಕಕ್ಷರ ಕಲಿತ ಮೇಲೆ ಗಟ್ಟಿಯಾಗಿ ಓದುತ್ತಿದ್ದೆ, ಪಾತ್ರೆಯ ಜೊತೆ ಮಾತಾಡುವವಳಂತೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಮಾತು. 'ಅಣ್ಣ, ಗಂಟಣ್ಣ ಎಲ್ಲಾ ಕಡೆ ಇದ್ದಾನೆ, ಆದರೆ ಒಬ್ಬನೇ ಇದ್ದಾನೆ. ಅಜ್ಜನನ್ನು ಕರೆದುಕೊಂಡು ಬನ್ನಿ. ಕ್ಯಾಮೆರಾ ಬೇಡ, ಕಂಪನಿ ಬೇಡ. ಒಂದು ಸಲ ಇಬ್ಬರೂ ಒಂದೇ ಮೇಜಿನ ಮೇಲೆ ಕೂರಲಿ.'

"ಉತ್ತರ ಬರೀರಿ," ಅಂತಿದ್ದೆ.

"ನೋಡೋಣ," ಅಂತಿದ್ದರು. ಆ ನೋಡೋಣದಲ್ಲೇ ಅವರ ಕೈ ನಡುಗಲು ಶುರುವಾಯಿತು. ಈ ವರ್ಷ ಆ ದಿನ ಬಂತು, ಹೋಯಿತು. ಪತ್ರ ಬರಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವರು ಕಿಟಕಿಯಿಂದ ಬಗ್ಗಿ ನೋಡುವುದನ್ನು ನಾನು ನೋಡುತ್ತಿದ್ದೆ.

ಗಡ್ಡವನ್ನು ಟವೆಲ್ಲಿನಿಂದ ಒತ್ತುತ್ತಿದ್ದಾಗ ಕೆಳಗಿನ ಮನೆಯ ಲಾಂಡ್ರಿಯವಳು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒದ್ದೆ ಗಂಟಣ್ಣ. ಬೆನ್ನ ಹೊಲಿಗೆ ಬಿರಿದು ಹತ್ತಿ ಹೊರಗೆ ನೇತಾಡುತ್ತಿತ್ತು.

"ಅಮ್ಮಾ, ನನ್ನ ಮರ್ಯಾದೆ ಉಳಿಸಿ! ಮಿಷನ್ನು ಇದನ್ನ ಅಗಿದು ಉಗುಳ್ತು. ಗಿರಾಕಿ ಸಾಯಂಕಾಲ ಬರ್ತಾರೆ. ಆ ಮಗು ಇದಿಲ್ಲದೆ ಕಣ್ಣು ಮುಚ್ಚಲ್ಲವಂತೆ."

ನಾನು ಯಜಮಾನರ ಕಡೆ ನೋಡಿದೆ. ಕುಳ್ಳ ಹೋದ ಮೇಲೆ ಅಂಥ ಬೊಂಬೆ ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಬೈಯುತ್ತಾರೆ ಅಂದುಕೊಂಡೆ. ಅವರು ಕೈಚಾಚಿದರು.

"ಕೊಡಿಲ್ಲಿ. ಓರೆ ಹೊಲಿಗೆ! ಅಷ್ಟು ದೊಡ್ಡ ಕಂಪನಿ, ನೆಟ್ಟಗೊಂದು ಹೊಲಿಗೆ ಹಾಕೋಕೆ ಬರಲ್ಲ. ಸೂಜಿ ತಾರೇ, ನೆಟ್ಟಗೆ ಮಾಡಿಕೊಡೋಣ."

"ಅಯ್ಯಯ್ಯೋ, ಬೇಡಿ ಯಜಮಾನ್ರೇ!" ಲಾಂಡ್ರಿಯವಳು ಕಿರುಚಿದಳು. "ಓರೆಯಾಗೇ ಇರ್ಬೇಕು. ಮಕ್ಕಳು ಮೊದಲು ಬೆನ್ನು ತಿರುಗಿಸಿ ನೋಡ್ತಾರೆ. ಓರೆ ಗೆರೆ ಇದ್ರೆ ಅಸಲಿ, ಇಲ್ಲಾಂದ್ರೆ ನಕಲಿ."

"ಒಳಗೆ ಹತ್ತಿ ತುಂಬಿದ ಬೊಂಬೆಗೆ ಬೆನ್ನಲ್ಲಿ ಸೀಳು ಯಾಕಮ್ಮ? ಕೈ ಹಾಕೋ ಹಾಗಿಲ್ಲ, ಏನಿಲ್ಲ."

"ನಂಗೇನು ಗೊತ್ತು? ಮೊದಲನೇ ಗಂಟಣ್ಣಂಗೆ ಹಾಗೇ ಇತ್ತಂತೆ. ಅದನ್ನ ಮಾಡಿದವರು, ಏನು ಬೇಕಾದ್ರೂ ಬದಲಾಯಿಸಿ, ಬೆನ್ನು ಮುಟ್ಟಬೇಡಿ ಅಂದ್ರಂತೆ."

ಇವರು ಬೊಂಬೆಯನ್ನು ಮಡಿಲಿಗೆ ಎಳೆದುಕೊಂಡರು. ಜೋತುಬಿದ್ದ ಹತ್ತಿಯನ್ನು ಒಳಕ್ಕೆ ಒತ್ತಲು ಎಡಗೈ ಸೀಳಿನೊಳಗೆ ತೂರಿಸಿದರು. ಕೈ ಸಲೀಸಾಗಿ ಹೋಯಿತು. ಮಣಿಕಟ್ಟು ತಿರುಚಲಿಲ್ಲ, ಮುಖ ಕಿವುಚಲಿಲ್ಲ. ಅಂಗಿ ತೊಡುವಾಗಲೂ ನೋಯುವ ಕೈ ಅದು. ತಟ್ಟನೆ ಕೈ ಹೊರಗೆ ತೆಗೆದು ಬಲಗೈ ಹಾಕಿ ನೋಡಿದರು. ಸೀಳು ಅಡ್ಡ ಬಂತು. ಮತ್ತೆ ಎಡಗೈ ಹಾಕಿದರು. ಬಟ್ಟೆಯ ಅಂಚು ಆ ಸೊಟ್ಟ ಮೂಳೆಯ ಪಕ್ಕದಲ್ಲೇ, ಅದು ಹೇಗೆ ಬಾಗಿದೆಯೋ ಹಾಗೇ ಬಾಗಿ ಕೂತಿತ್ತು.

"ಅವಸರ ಅಂದಿದ್ದ ಕಣೇ," ಎಂದರು.

ನನಗೂ ಆಗಲೇ ಹೊಳೆದದ್ದು. ಮುರಿದ ಕೈ ಖಾಲಿ ಕೂರಬಾರದೆಂದು ಕುಳ್ಳ, ಅದಕ್ಕೆ ಹೊಂದುವ ಹಗುರದ ಬೊಂಬೆಯೊಂದನ್ನು, ಆ ಕೈ ತಿರುಗುವ ಕಡೆಗೇ ಸೀಳಿ ಕೊಟ್ಟಿದ್ದ. ಹೇಳಿದರೆ ಅಣ್ಣನಿಗೆ ನೋವಾಗುತ್ತದೆಂದು ಹೇಳಿರಲಿಲ್ಲ. ಕೈ ಅಷ್ಟು ಸಲೀಸಾಗಿ ಹೋಗುತ್ತಿದ್ದುದರಿಂದ ಇವರೂ ಯಾಕೆಂದು ಯೋಚಿಸಿರಲಿಲ್ಲ. ಈಗ ಲೋಕದ ಮಕ್ಕಳೆಲ್ಲ ಬೆನ್ನು ತಿರುಗಿಸಿ ಹುಡುಕುತ್ತಿದ್ದದ್ದು ಇವರ ಸೊಟ್ಟ ಮಣಿಕಟ್ಟಿನ ಗುರುತನ್ನು.

ಗಂಟಣ್ಣನ ತಲೆ ಮೆಲ್ಲಗೆ ವಾಲಿತು. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೇಜಿನ ಮೇಲೆ ಮಲಗಿದ್ದ ಅಜ್ಜನತ್ತ ನೋಡಿತು. ಲಾಂಡ್ರಿಯವಳು ನಕ್ಕಳು. ಆಮೇಲೆ ಯಜಮಾನರ ಮುಖ ನೋಡಿ, "ಕೆಳಗೆ ಇಸ್ತ್ರಿ ಕಾಯ್ತಿದೆ, ಆಮೇಲೆ ಬರ್ತೀನಿ," ಎಂದು ಹೋದಳು.

ನಾನು ಸೀಳನ್ನು ಇದ್ದ ಹಾಗೇ ಓರೆಯಾಗಿ ಹೊಲಿದೆ. ಗಂಟು ಹಾಕಿ ದಾರ ಕಚ್ಚಿದ ಮೇಲೆ ಅವರು, "ಕಾಗದ ತಗೋ," ಎಂದರು.

"ಹೇಳಿ."

"ಬರಿ. ಕುಳ್ಳ..." ಅಂದವರು ಅಜ್ಜನ ಮುಖಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದರು. "ಸೀಳು ಯಾಕೆ ಓರೆ ಅಂತ ಇವತ್ತು ಗೊತ್ತಾಯ್ತು. ಕಾಲೊರಸೋ ಬಟ್ಟೆ ಅಂದಿದ್ದು ತಪ್ಪಾಯ್ತು. ಮೇಜು ಇನ್ನೂ ಇದೆ. ನೀನು ಬರೋಕಾಗದಿದ್ರೆ ಹೇಳು, ಅಜ್ಜನನ್ನ ಎತ್ಕೊಂಡು ನಾವೇ ಬರ್ತೀವಿ."

"ಅಷ್ಟೇನಾ?"

"ಅತ್ತಿಗೆ ಟೀ ಇಡ್ತಾಳೆ ಅಂತ ಸೇರಿಸು." ಕಿಟಕಿಯ ಕಡೆ ತಿರುಗಿ, "ಈ ವರ್ಷ ಅವನು ಯಾಕೆ ಬರೀಲಿಲ್ವೋ," ಎಂದರು. "ಅದು ಬರಿಬೇಡ."

ಸಹಿ ಮಾತ್ರ ಅವರದೇ. ಬಲಗೈ ನಡುಗಿ ಅಕ್ಷರ ಚೆಲ್ಲಾಪಿಲ್ಲಿಯಾಯಿತು. ವಿಳಾಸವನ್ನು ನಾನು ಅವನ ಹಳೆಯ ಲಕೋಟೆ ನೋಡಿ ಬರೆದೆ. ನಾನೇ ಹಾಕಿ ಬರುತ್ತೇನೆಂದರೆ ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು, ಮೂಲೆಯ ಅಂಚೆ ಡಬ್ಬದವರೆಗೂ ನನ್ನ ತೋಳು ಹಿಡಿದು ಬಂದರು. ಡಬ್ಬದ ಬಾಯಿಯ ಹತ್ತಿರ ಬಲಗೈ ನಿಲ್ಲಲಿಲ್ಲ. ಲಕೋಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಮೈಯನ್ನೇ ಪಕ್ಕಕ್ಕೆ ವಾಲಿಸಿ ಒಳಗೆ ನೂಕಿದರು.

"ಬಿತ್ತೇನೇ?" ಎಂದರು. ಅವರ ಕಿವಿಯೂ ಈಗ ಮಂದ.

ನಾನು ಡಬ್ಬಕ್ಕೆ ಕಿವಿಗೊಟ್ಟೆ.

"ಬಿತ್ತು ರೀ," ಎಂದೆ.