ಅರವತ್ತು ಮಸಿಯರಿವೆ

ಮೂವತ್ತಾರು ವರ್ಷ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ಒಂದು ಗಾಡಿಯೂ ಹಳಿ ತಪ್ಪದಂತೆ ನೋಡಿಕೊಂಡ ಭೀಮಶ್ಯಾ, ನಿವೃತ್ತನಾದ ತಿಂಗಳೊಳಗೆ ತಾನೇ ಹಳಿ ತಪ್ಪಿದ ಎಂಬುದು ಅವನ ಹೆಂಡತಿ ಸಾಬಮ್ಮಳ ತೀರ್ಮಾನ. ಮೊಬೈಲಿನಲ್ಲಿ ಯಾವನೋ ಒಬ್ಬ ಖಾಲಿ ಬಾಟಲಿಗೆ ಸೆಣಬಿನ ಸುತಳಿ ಸುತ್ತಿ ಹೂದಾನಿ ಮಾಡುವುದನ್ನು ನೋಡಿದ್ದೇ ನೆಪ. ಅಂದಿನಿಂದ ಮನೆಯಲ್ಲಿ ಕಸ ಚೆಲ್ಲುವ ಹಾಗಿರಲಿಲ್ಲ. ಒಡೆದ ಬಳೆಗೆ ಉಣ್ಣೆ ಸುತ್ತಿ ಗೋಡೆಗೆ ತೂಗುಹಾಕಿದ. ಹಳೆಯ ಪೇಪರಿನ ಗುಲಾಬಿ ಮಾಡಿದ. ಮದುವೆ ಊಟದಲ್ಲಿ ಎಸೆದ ಪ್ಲಾಸ್ಟಿಕ್ ಚಮಚ ಹೆಕ್ಕಿ ತಂದು, ಬಲ್ಬಿನ ಸುತ್ತ ಅಂಟಿಸಿ ದೀಪಕ್ಕೊಂದು ಶೇಡು ಮಾಡಿದ. ಅದನ್ನು ಹಚ್ಚಿದರೆ ಖೋಲಿಯ ತುಂಬ ಸುಟ್ಟ ವಾಸನೆ.

"ಬಾಟ್ಲಿಗಿ ಸೀರಿ ಉಡಿಸಿದ್ರ ಅದೇನು ಮದಿಮಗಳಾಗ್ತದ್ರಿ?" ಎಂದು ಸಾಬಮ್ಮ ಕೇಳಿದಳು.

"ನಿನಗ ಕಲಾ ತಿಳ್ಯಂಗಿಲ್ಲ ಬಿಡು."

ಈ ಮಾತು ಸಾಬಮ್ಮಳಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಹದಿನೇಳನೆಯ ವಯಸ್ಸಿಗೆ ದಂಡೋತಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ಬಂದಾಗಿನಿಂದ ಹಳೆಯ ಅರಿವೆ ಜೋಡಿಸಿ ಕೌದಿ ಹೊಲಿದಿದ್ದಳು. ಓಣಿಯಲ್ಲಿ ಹುಟ್ಟಿದ ಎಷ್ಟೋ ಕೂಸುಗಳು ಅವಳ ಕೌದಿಯ ಮೇಲೆಯೇ ಮಲಗಿ, ಹೊರಳಿ, ಅಂಬೆಗಾಲಿಟ್ಟಿದ್ದವು. ಈ ಗಂಡಸೂ ನಲವತ್ತು ವರ್ಷ ಅದನ್ನೇ ಹಾಸಿ ಅದನ್ನೇ ಹೊದ್ದು ಗೊರಕೆ ಹೊಡೆದಿದ್ದ. ಅದಕ್ಕೆ ಯಾರೂ ಒಂದು ದಿನವೂ ಕಲೆ ಎಂದಿರಲಿಲ್ಲ. ಹೊದೆಯಲು ಬರುತ್ತದೆ, ಬೆಚ್ಚಗಿರುತ್ತದೆ, ಹಾಗಾಗಿ ಅದು ಕೆಲಸ. ಯಾತಕ್ಕೂ ಬಾರದ್ದು ಕಲೆ!

ಹೀಗಿರುವಾಗ ಮಗಳು ಲುಂಬಿನಿಯ ಫೋನು ಬಂತು. ಅವಳು ಸೇಡಂನಲ್ಲಿ ನರ್ಸು. ಗಂಡ ಹೆಂಡತಿ ಸೇರಿ ಮನೆ ಕಟ್ಟಿಸಿದ್ದರು. ಬುದ್ಧ ಪೂರ್ಣಿಮೆಯ ದಿನ ಹೊಸ ಮನೆ ತುಂಬುವುದೆಂದು ನಿಶ್ಚಯವಾಗಿತ್ತು. ಬಂದವರ ಕೈಗೆ ಏನಾದರೂ ಕೊಡಬೇಕು, ಸ್ಟೀಲಿನ ಬಟ್ಟಲು ತರಲೋ ಎಂದು ಅವಳು ತಾಯಿಯನ್ನು ಕೇಳುತ್ತಿದ್ದಳು. ಭೀಮಶ್ಯಾ ಫೋನು ಕಸಿದುಕೊಂಡ.

"ಬಟ್ಟಲಾ ಯಾರ್ ಬೇಕಾದ್ರೂ ಕೊಡ್ತಾರವ್ವ. ಅರವತ್ತು ಮಂದಿಗಿ ನಾ ಕೈಯಿಂದ ಮಾಡಿ ತರ್ತೀನಿ. ಮಂದಿ ಸಾಯೋತನಕ ನೆನಸಬೇಕು."

"ನೆನಸ್ತಾರ, ನೆನಸ್ತಾರ," ಎಂದಳು ಸಾಬಮ್ಮ, ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಬೈಕೋತ ನೆನಸ್ತಾರ."

ಮಗಳು ತಂದೆಯ ಮನಸ್ಸು ಮುರಿಯಲಾರದೆ ಹೂಂ ಎಂದುಬಿಟ್ಟಳು.

ಭೀಮಶ್ಯಾ ಶಹಾಬಾದಿಗೆ ಹೋಗಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವಲ್ಲಿ ಬಿದ್ದಿದ್ದ ಅಂಗೈಯಗಲದ ಚೂರುಗಳನ್ನು ಎರಡು ಚೀಲ ತುಂಬಿ ತಂದ. ಚೂರಿನ ಮೇಲೆ ಬಣ್ಣದಲ್ಲಿ ಒಂದು ಅರಳಿ ಎಲೆ ಬಿಡಿಸುವುದು, ಅದರ ಹಿಂದೆ ಐಸ್‌ಕ್ರೀಮಿನ ಕಡ್ಡಿಗಳನ್ನು ಗ್ಲೂ ಗನ್ನಿನಿಂದ ಅಂಟಿಸಿ ನಿಲ್ಲಿಸುವುದು. ಮೊಬೈಲು ಆನಿಸಿಡುವ ಸ್ಟ್ಯಾಂಡು ತಯಾರು. ಸಾಬಮ್ಮ ಒಂದನ್ನು ಎತ್ತಿ ನೋಡಿದಳು. ಅವಳ ಕಣ್ಣಿಗೆ ಎಲೆ ಎಮ್ಮೆಯ ಕಿವಿಯ ಹಾಗೆ ಕಂಡಿತು. ಹಾಗೆಂದು ಹೇಳಿಯೂ ಬಿಟ್ಟಳು. ಭೀಮಶ್ಯಾ ಇನ್ನೊಂದು ಚೂರನ್ನು ಮುಂದೆ ಎಳೆದುಕೊಂಡ. ಇಪ್ಪತ್ತು ದಿನ ಕೂತು ಅರವತ್ತೂ ಮುಗಿಸಿದ, ಮಾಳಿಗೆಯ ಮೇಲಿನ ತಗಡಿನ ಖೋಲಿಯಲ್ಲಿ ಸಾಲಾಗಿ ಜೋಡಿಸಿ ಬೀಗ ಹಾಕಿದ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ, ಯಾರೋ ಕದಿಯುತ್ತಾರೆ ಎನ್ನುವಂತೆ.

ಅದು ವೈಶಾಖದ ಬಿಸಿಲು. ವಾಡಿಯ ಬಿಸಿಲೆಂದರೆ ಕೇಳಬೇಕೆ? ಮಧ್ಯಾಹ್ನ ತಗಡಿನ ಮೇಲೆ ರೊಟ್ಟಿ ಬಡಿದು ಹಾಕಿದರೆ ಬೇಯುತ್ತದೆ. ಪೂರ್ಣಿಮೆಗೆ ಮೂರು ದಿನ ಉಳಿದಿರುವಾಗ, ಡಬ್ಬದಲ್ಲಿ ತುಂಬಿಸಲೆಂದು ಭೀಮಶ್ಯಾ ಬೀಗ ತೆಗೆದ. ಕೆಳಗಿದ್ದ ಸಾಬಮ್ಮಳಿಗೆ ಬಾಗಿಲು ತೆರೆದ ಸದ್ದು ಕೇಳಿತು. ಬಹಳ ಹೊತ್ತಾದರೂ ಅವನು ಕೆಳಗಿಳಿಯದಿದ್ದಾಗ ಮೆಟ್ಟಿಲು ಹತ್ತಿ ಹೋದಳು.

ಕಾವಿಗೆ ಅಂಟೆಲ್ಲ ಕರಗಿತ್ತು. ಅರವತ್ತು ಕಲ್ಲುಗಳ ಮೇಲೂ ಕಡ್ಡಿಗಳು ಕುಡಿದು ಬಿದ್ದವರಂತೆ ಮಲಗಿದ್ದವು. ಬಣ್ಣ ಹಪ್ಪಳದಂತೆ ಎದ್ದಿತ್ತು. ಭೀಮಶ್ಯಾ ಹೊಸ್ತಿಲ ಮೇಲೆ ಕೂತು ಒಂದು ಕಡ್ಡಿಯನ್ನು ಎತ್ತಿ ನಿಲ್ಲಿಸುತ್ತಿದ್ದ, ಅದು ಬೀಳುತ್ತಿತ್ತು, ಮತ್ತೆ ನಿಲ್ಲಿಸುತ್ತಿದ್ದ.

"ಲುಂಬಿನಿಗಿ ಫೋನ್ ಮಾಡಿ ಬಟ್ಟಲಾ ತರು ಅಂತೀನಿ," ಎಂದ ಮೆಲ್ಲಗೆ.

"ಮಾಡ್ರಿ. ಸೇಡಂ ಮಂದಿ ಮುಂದ ಮಾನ ಹರಾಜ್ ಹಾಕ್ರಿ. 'ಅಪ್ಪ ಇಪ್ಪತ್ತು ದಿನ ಕಲ್ಲಿಗಿ ಕಡ್ಡಿ ಹಚ್ಚಿದ, ಅವ್ವ ಬಾಯಿ ಮಾಡ್ಕೋತ ಕುಂತಳು' ಅಂತ ಬೀಗರು ಆಡ್ಕೊಳ್ಳಲಿ. ಏಳ್ರಿ ಮೊದಲ."

ಅವಳಿಗೆ ಗಂಡನ ಮೇಲೆ ಕನಿಕರವೇನೂ ಹುಟ್ಟಿರಲಿಲ್ಲ. ಕೊಟ್ಟ ಮಾತು ಮನೆಯದು, ಮನೆಯಲ್ಲಿ ತಾನೂ ಇದ್ದೇನೆ, ಅಷ್ಟೇ. ಸೀದಾ ಪಕ್ಕದ ಮನೆಯ ರಶೀದಾಬೇಗಂಳ ಬಾಗಿಲಿಗೆ ಹೋದಳು. ರಶೀದಾಳ ಗಂಡ ಶೌಕತ ಅಲಿ ಟೇಲರು. ಅವನ ಅಂಗಡಿಯ ಚಿಂದಿಯಿಂದಲೇ ಸಾಬಮ್ಮಳ ಅರ್ಧ ಕೌದಿಗಳು ಆಗಿದ್ದವು. ಸಾಬಮ್ಮ ಕತೆ ಹೇಳಿ, ಅರವತ್ತು ಮಂದಿಗೂ ಹೊಲಿದು ಕೊಡೋಣ ಎಂದಾಗ ರಶೀದಾ ಹೊಟ್ಟೆ ಹಿಡಿದು ನಕ್ಕಳು.

"ಅರೇ ಅಕ್ಕಾ, ಮೂರು ದಿನದಾಗ ಅರವತ್ತು ಕೌದಿ ಹ್ಯಾಂಗ ಆಗ್ತಾವ?"

"ಕೌದಿ ಯಾಕ? ಮಸಿ ಅರಿವಿ ಹೊಲಿಯೋಣು. ಕೌದಿ ಹಂಗೇ ನಾಕು ಪದರ, ಗೇಣಗಲ. ಬಿಸಿ ಬೋಗಾಣಿ ಇಳಸ್ಲಿಕ್ಕ ಎಲ್ಲಾ ಮನ್ಯಾಗೂ ಬೇಕಾಗ್ತದ."

ಎರಡು ದಿನ ಇಬ್ಬರೂ ಬೇವಿನ ನೆರಳಿನಲ್ಲಿ ಕೂತು ಹೊಲಿದರು. ಮೇಲೊಂದು ಬಣ್ಣದ ಚೌಕ, ಒಳಗೆ ಹಳೆಯ ಧೋತರದ ಎರಡು ಪದರ, ಕೆಳಗೆ ದಪ್ಪ ಅರಿವೆ. ಅಂಚಿನಿಂದ ನಡುವಿಗೆ ಸುತ್ತಿಕೊಂಡು ಬರುವ ಸಣ್ಣ ದಾರದ ಹೊಲಿಗೆ. ಮೂಲೆಯಲ್ಲಿ, ಮೊಳೆಗೆ ತೂಗುಹಾಕಲು ಒಂದು ಕುಣಿಕೆ. ಭೀಮಶ್ಯಾನಿಗೆ ಚೌಕ ಕತ್ತರಿಸುವ ಕೆಲಸ ಬಂತು. ಮೊದಲ ಹತ್ತು ಚೌಕಗಳಿಗೆ ಐದೈದು ಮೂಲೆ ಇದ್ದವು.

"ಮೂವತ್ತಾರು ವರ್ಷ ಸೀದಾ ಹಳಿ ನೋಡಿದ ಕಣ್ಣೇನ್ರಿ ಇವು?" ಎಂದು ಸಾಬಮ್ಮ ಅವನ್ನು ಅವನ ಮುಂದೆಯೇ ಎಸೆದಳು. ಅವನು ಎತ್ತಿಕೊಂಡು ಮತ್ತೆ ಕತ್ತರಿಸಿದ.

ಪೂರ್ಣಿಮೆಯ ಬೆಳಿಗ್ಗೆ ಹೊಸ ಮನೆಯಲ್ಲಿ ತ್ರಿಸರಣ ಪಂಚಶೀಲ ಪಠಣ ಮುಗಿದು, ಹುಗ್ಗಿ ಊಟವಾಗಿ, ಲುಂಬಿನಿ ಒಬ್ಬೊಬ್ಬರ ಕೈಗೆ ಒಂದೊಂದು ಮಸಿಯರಿವೆ ಕೊಟ್ಟಳು. ಹೆಂಗಸರು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಒಬ್ಬಳು ಇನ್ನೊಂದು ಕೇಳಿ ಪಡೆದಳು. ಸಾಬಮ್ಮ ಬಾಗಿಲ ಮರೆಯಲ್ಲಿ ನಿಂತು ಅದನ್ನೆಲ್ಲ ಕಣ್ಣಲ್ಲಿ ಕುಡಿಯುತ್ತಿದ್ದಳು.

ಆಗ ಅಳಿಯನ ಅಣ್ಣ ಪ್ರಬುದ್ಧ, ಚಿತ್ತಾಪುರದಲ್ಲಿ ಹೈಸ್ಕೂಲು ಮಾಸ್ತರ, ಮೊಬೈಲು ಹಿಡಿದು ಬಂದ. "ಮಾಮಾ, ನೀವು ಕೈಯಿಂದ ಮಾಡ್ಲಿಕತ್ತೀರಿ ಅಂತ ಲುಂಬಿನಿ ಹೇಳಿದ್ಲು. ಭಾಳ ಚಂದ ಆಗ್ಯಾವ. ಒಂದ್ ನಾಕು ಮಾತು ಹೇಳ್ರಿ, ಗ್ರೂಪಿಗಿ ಹಾಕ್ತೀನಿ."

ಭೀಮಶ್ಯಾ ಅಂಗಿ ಎಳೆದು ನೆಟ್ಟಗೆ ನಿಂತ. "ರಿಟೈರ್ ಆದ್ಮ್ಯಾಲ ಮನುಷ್ಯ ಖಾಲಿ ಕುಂದರಬಾರದು. ಕಸದಾಗೂ ಕಲಾ ಅದ. ನಾ ವಿಡಿಯೊ ನೋಡಿ ನೋಡಿ ಕಲ್ತೀನಿ. ಇದು ಹಿಂಗ ನಾಕು ಪದರ ಇಟ್ಟು—"

ಸಾಬಮ್ಮ ಬಾಗಿಲ ಮರೆಯಿಂದ ಹೊರಗೆ ಬಂದಳು. ಸೆರಗಿಗೆ ಚುಚ್ಚಿದ್ದ ಸೂಜಿ ದಾರ ತೆಗೆದು, ಚೀಲದಲ್ಲಿ ಉಳಿದಿದ್ದ ಒಂದು ಚೌಕದ ಜೊತೆ ಗಂಡನ ಮುಂದೆ ಹಿಡಿದಳು.

"ಬಾಯಿಲೆ ಯಾಕ್ ಹೇಳ್ತೀರಿ? ಒಂದ್ ಹೊಲಗಿ ಹಾಕಿ ತೋರಸ್ರಿ. ಮಾಸ್ತರ್ರು ಫೋಟೊ ತೆಗೀತಾರ."

ಪ್ರಬುದ್ಧನ ಮೊಬೈಲು ಇನ್ನೂ ಓಡುತ್ತಿತ್ತು. ಭೀಮಶ್ಯಾ ಸೂಜಿ ತೆಗೆದುಕೊಂಡ, ಅರಿವೆಗೆ ಚುಚ್ಚಿದ, ಎಳೆದ. ದಾರದ ತುದಿಗೆ ಗಂಟು ಹಾಕಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಇಡೀ ದಾರ ಅರಿವೆಯಿಂದ ಪಾರಾಗಿ ಅವನ ಕೈಗೆ ಬಂತು. ಒಬ್ಬ ಮುದುಕಿ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಪ್ರಬುದ್ಧ ಮೊಬೈಲು ಕಿಸೆಗೆ ಹಾಕಿಕೊಂಡ.

ಮಗಳು ಅವ್ವನನ್ನು ಅಡುಗೆಮನೆಗೆ ಎಳೆದೊಯ್ದು, "ಮಂದ್ಯಾಗ ಹಂಗ ಮಾಡಬೇಕಾಗಿತ್ತೇನವ್ವಾ?" ಎಂದಳು.

"ಮಂದ್ಯಾಗೇ ಅವ್ರು ಸುಳ್ಳು ಹೇಳಿದ್ದು," ಎಂದಳು ಸಾಬಮ್ಮ.

ಸಂಜೆ ಪ್ಯಾಸೆಂಜರ್ ಗಾಡಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಚಿತ್ತಾಪುರ ದಾಟಿದ ಮೇಲೆ ಭೀಮಶ್ಯಾ ಕಿಟಕಿಯಿಂದ ಮುಖ ತಿರುಗಿಸಿದ.

"ಇಷ್ಟು ವರ್ಷ ನೌಕರಿ ಮಾಡ್ದೆ. ಗಾಡಿ ಬಂತು, ಗಾಡಿ ಹೋಯ್ತು. ಇದು ನಾ ಮಾಡಿದ್ದು ಅಂತ ತೋರಸ್ಲಿಕ್ಕ ಒಂದೂ ಇರ್ಲಿಲ್ಲ. ಅದ್ಕೇ ಬಾಯಿ ಜಾರಿತು."

"ನನಗ ತೋರಸ್ಲಿಕ್ಕ ಮನಿ ತುಂಬ ಇತ್ತು. ನೀವು ಯಾವತ್ತರ ಕಣ್ಣು ತೆರೆದು ನೋಡಿದ್ರೇನು?"

ಹಾಗೆಂದ ಮೇಲೂ ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಸಿಟ್ಟು ಮಾತ್ರ ಸ್ವಲ್ಪ ಸೋತಿತ್ತು, ಬಿಸಿಲು ಇಳಿದ ಹಾಗೆ.

ನಾಲ್ಕು ದಿನ ಕಳೆದ ಮೇಲೆ ರಶೀದಾ ಗೋಡೆಯ ಆಚೆಯಿಂದ ಕೂಗಿದಳು. "ಅಕ್ಕಾ, ನಿಮ್ಮವರು ನಮ್ಮ ಮನ್ಯಾಗ ಕುಂತು ಗಂಟ ಹಾಕೋದು ಕಲೀಲಿಕತ್ತಾರ. ನಿನಗ ಹೇಳಬ್ಯಾಡ ಅಂದಾರ."

ಸಾಬಮ್ಮ ದಡದಡನೆ ಹೋದಳು. ಭೀಮಶ್ಯಾ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಒಂದು ಚೌಕದ ಮೇಲೆ ಬಾಗಿದ್ದ. ಎರಡು ಬೆರಳುಗಳಿಗೆ ಚಿಂದಿ ಸುತ್ತಿತ್ತು. ಅವಳು ಅದನ್ನು ಅವನ ಕೈಯಿಂದ ಕಸಿದು ಬಿಸಿಲಿಗೆ ಹಿಡಿದು ನೋಡಿದಳು. ಹೊಲಿಗೆಗಳು ಮೇಯಲು ಬಿಟ್ಟ ಆಡುಗಳಂತೆ ಹೋಗಿದ್ದವು, ಒಂದು ಅತ್ತ, ಒಂದು ಇತ್ತ. ಆದರೆ ಎಲ್ಲಿಯೂ ಅಂಟು ಹಚ್ಚಿರಲಿಲ್ಲ, ಗಂಟು ಬಿಚ್ಚಿರಲಿಲ್ಲ.

"ಇದರಿಂದ ಗಡಿಗಿ ಹಿಡದ್ರ ಕೈ ಸುಡ್ತದ," ಎಂದಳು.

"ಗೊತ್ತದ."

"ಗೊತ್ತಿದ್ದ ಮ್ಯಾಲ ಮತ್ತೇನು? ಬಿಚ್ರಿ. ಪೂರಾ ಬಿಚ್ರಿ. ದಾರ ಹರೀಬಾರದು ನೋಡ್ರಿ."

ಭೀಮಶ್ಯಾ ತಲೆಯೆತ್ತದೆ ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ಸಾಬಮ್ಮ ಮನೆಗೆ ಹೋಗಬೇಕೆಂದವಳು ಹೋಗಲಿಲ್ಲ. ರಶೀದಾ ಸರಿದು ಜಾಗ ಕೊಟ್ಟಳು. ಗಂಡ ಮೂರನೆಯ ಹೊಲಿಗೆಯಲ್ಲೇ ದಾರ ಹರಿದಾಗ, ಸಾಬಮ್ಮ ಹಣೆ ಹಣೆ ಬಡಿದುಕೊಂಡು ಅಲ್ಲೇ ಕೂತಳು.