ಸೀರಂ ಕೆಂಪಾದ ಬೆಳಿಗ್ಗೆ

ಮಾರ್ಗಶಿರದ ಆ ಬೆಳಿಗ್ಗೆ ಯಡಿಯೂರು ಕೆರೆಯ ಮೇಲೆ ಮಂಜು ಕೂತಿತ್ತು. ಬಿಸಿಲು ಬರುವ ಮನಸ್ಸೇ ಮಾಡಿರಲಿಲ್ಲ. ಕೆರೆಯ ಹಿಂದಿನ ಬೀದಿಯ ಲ್ಯಾಬಿನಲ್ಲಿ ಮಧುಮತಿ ರಾತ್ರಿ ಪಾಳಿ ಮುಗಿದರೂ ನಿಂತೇ ಇದ್ದಳು, ಹಗಲಿನವಳು ಬಂದಿರಲಿಲ್ಲ.

ಮೊದಲು ಬಂದವರು ಪಕ್ಕದ ಶ್ರೀನಗರ ಬಡಾವಣೆಯ ಪಾರ್ವತಮ್ಮ. ಅವರಿಗೆ ಕಿಡ್ನಿ ತೊಂದರೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರೆ ಇವತ್ತೇ ಆಸ್ಪತ್ರೆ ಸೇರಬೇಕೆಂದು ಡಾಕ್ಟರು ಹೇಳಿದ್ದರು. ಹೋದ ಸಲ ಸೇರಿದಾಗ ತಿಂಗಳೆಲ್ಲ ವಾರ್ಡಿನಲ್ಲೇ ಕಳೆದಿತ್ತು. ನರ ಸಿಗದ ಆ ಕೈಯಿಂದ ಮಧುಮತಿ ಹೇಗೋ ರಕ್ತ ತೆಗೆದಳು.

ಟ್ಯೂಬಿನಲ್ಲಿ ರಕ್ತ ತಾನಾಗಿಯೇ ಹೆಪ್ಪುಗಟ್ಟಬೇಕು. ಆಮೇಲೆ ಯಂತ್ರದಲ್ಲಿ ತಿರುಗಿಸಿದರೆ ಗಟ್ಟಿ ಭಾಗ ಕೆಳಗಿಳಿದು, ಸೀರಂ ಎಂಬ ಹೊಂಬಣ್ಣದ ತಿಳಿ ಮೇಲೆ ನಿಲ್ಲುತ್ತದೆ. ಚಳಿಗೆ ಹೆಪ್ಪುಗಟ್ಟುವುದು ತಡ. ಕಾಯುವಷ್ಟು ಜೀವ ಮಧುಮತಿಯಲ್ಲಿ ಉಳಿದಿರಲಿಲ್ಲ. ಅರೆ ಹೆಪ್ಪನ್ನು ಕಡ್ಡಿಯಿಂದ ಕೆದಕಿ ಬಿಡಿಸಿ ತಿರುಗಿಸಿಬಿಟ್ಟಳು.

ಮೇಲೆ ನಿಂತ ತಿಳಿ ಓಕುಳಿಯಂತೆ ಕೆಂಪಾಗಿತ್ತು. ರಕ್ತಕಣಗಳು ಒಡೆದಿದ್ದವು. ಒಡೆದ ಕಣದಿಂದ ಪೊಟ್ಯಾಸಿಯಂ ಸೋರಿದರೆ ಪರೀಕ್ಷೆಯ ಯಂತ್ರವು ರಕ್ತದಲ್ಲಿ ನಿಜಕ್ಕೂ ಇಲ್ಲದ ಏರಿಕೆಯನ್ನು ತೋರಿಸುತ್ತದೆ.

"ಸುಮ್ನೆ ಮಷೀನಿಗೆ ಹಾಕ್ಬಿಡು ಮಧು," ಎಂದು ಜೊತೆಗಾರ ಭೀಮೇಶ್ ಆಕಳಿಸಿದ. "ಮತ್ತೆ ಚುಚ್ತೀನಿ ಅಂದ್ರೆ ಆ ಅಜ್ಜಿ ನಿನ್ನನ್ನೇ ಚುಚ್ತಾರೆ."

"ಸುಳ್ಳು ನಂಬರ್ ಬರ್ತೈತಿ. ಅದಕ್ಕ ಅವರು ಹೋಗಿ ವಾರ್ಡಿನ್ಯಾಗ ಮಲ್ಕೋಬೇಕೇನು?"

ಹೊರಗೆ ಬೆಂಚಿನ ಮೇಲೆ ಪಾರ್ವತಮ್ಮ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಮಧುಮತಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ತಪ್ಪು ನಂದ ಐತ್ರಿ. ಅವಸರ ಮಾಡಿ ಕೆಡಿಸೀನಿ. ಇನ್ನೊಮ್ಮೆ ಕೈ ಕೊಡ್ರಿ."

"ನನ್ ಕೈ ಏನು ನಲ್ಲಿನಾ, ಬೇಕಾದಾಗೆಲ್ಲ ತಿರುಗಿಸೋಕೆ?" ಎಂದು ಸಿಡುಕಿದರು ಪಾರ್ವತಮ್ಮ. ಆಮೇಲೆ ಅವಳ ಮುಖ ನೋಡಿ, ಸೆರಗು ಸರಿಸಿ, ಇನ್ನೊಂದು ಕೈ ಚಾಚಿದರು. "ಈ ಚಳೀಲಿ ಮೊಸರೇ ಹೆಪ್ಪಾಗಲ್ಲ. ನಿಧಾನಕ್ಕೆ ತೆಗಿ. ನಿಂತಲ್ಲೇ ನಿದ್ದೆ ಹೋಗ್ತಿದೀಯಲ್ಲೇ!"

ಎರಡನೆಯ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಮಧುಮತಿ ಪಕ್ಕದಲ್ಲೇ ಕೂತಳು. ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡಳು, ಮುಟ್ಟದಿರಲೆಂದು. ಮಲ್ಲಯ್ಯಾ, ಇಷ್ಟು ಹೊತ್ತು ನನ್ನ ಕೈ ತಡಿ, ಎಂದು ಮನೆದೇವರನ್ನು ಬೇಡಿಕೊಂಡಳು. ಭೀಮೇಶ್ ಎರಡು ಸಲ ಕರೆದ, ಏಳಲಿಲ್ಲ. ಕೆಡಿಸಿದ ಆ ರಕ್ತದ ಲೆಕ್ಕದಲ್ಲಿ ಪಾರ್ವತಮ್ಮನವರ ಆಯುಸ್ಸಿನ ಒಂದು ತುಣುಕು ತನ್ನ ಹತ್ತಿರ ಸಾಲವಾಗಿ ಉಳಿದಿದೆಯೆಂದು ಅವಳಿಗೆ ಅನಿಸುತ್ತಿತ್ತು.

ಟ್ಯೂಬು ಓರೆ ಮಾಡಿದರೂ ರಕ್ತ ಅಲುಗದಷ್ಟು ಗಟ್ಟಿಯಾದ ಮೇಲೆಯೇ ತಿರುಗಿಸಿದಳು. ಈ ಸಲ ತಿಳಿ ಹೊಂಬಣ್ಣಕ್ಕೆ ನಿಂತಿತು. ಯಂತ್ರ ಕೊಟ್ಟ ಸಂಖ್ಯೆ ಮಿತಿಯೊಳಗೇ ಇತ್ತು.

ಹೊರಗೆ ಬಂದು, ಎರಡೂ ಕೈಯಲ್ಲಿ ರಿಪೋರ್ಟು ಹಿಡಿದು, ಬೇರೆಯವರಿಗೆ ಕೇಳದಂತೆ ಹೇಳಿದಳು:

"ಏರಿಲ್ರೀ, ಅಮ್ಮಾ."

ಪಾರ್ವತಮ್ಮ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.